ಎಳೆಯ ದೇಹ, ಕಠಿಣ ಸಾಧನೆ: ಜಿಮ್ನಾಸ್ಟಿಕ್ಸ್ ಕಲಿಯುವ ಮಕ್ಕಳೂ ತಂದೆತಾಯಿಗಳ ಹೊಣೆಯೂ

ಮೈಸೂರು ನಗರಕ್ಕೆ ಅಂಗಸಾಧನೆ ಹೊಸ ವಿಷಯವೇನಲ್ಲ. ದಸರೆಯ ದಿನಗಳಲ್ಲಿ ದೊಡ್ಡಕೆರೆ ಮೈದಾನದಲ್ಲಿ ನಡೆಯುವ ಕುಸ್ತಿ, ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಜಟ್ಟಿಗಳು ಆಡುವ ವಜ್ರಮುಷ್ಟಿ ಕಾಳಗ, ಹಳೆಯ ಮೊಹಲ್ಲಾಗಳ ಗರಡಿಮನೆಗಳು, ಸುತ್ತೂರು ಜಾತ್ರೆಯ ಕುಸ್ತಿ ಪಂದ್ಯಗಳು, ಇವೆಲ್ಲವೂ ಈ ಸೀಮೆಯ ಜನ ದೇಹಬಲವನ್ನು ಹೇಗೆ ಗೌರವಿಸಿದರೆಂಬುದಕ್ಕೆ ಸಾಕ್ಷಿಯಾಗಿವೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿದ್ದು, ಅವುಗಳಲ್ಲಿ ಹಗ್ಗದ ಮೇಲೆ ಮಾಡುವ ಆಸನಗಳೂ ಸೇರಿವೆ. 1896ರಷ್ಟು ಹಿಂದೆಯೇ ‘ವ್ಯಾಯಾಮ ದೀಪಿಕೆ’ ಎಂಬ ಅಂಗಸಾಧನೆಯ ಕೈಪಿಡಿ ಬೆಂಗಳೂರಿನಲ್ಲಿ ಅಚ್ಚಾಗಿತ್ತು. ದೇಹವನ್ನು ದೇಗುಲವೆಂದು ಕಂಡ ಶರಣ ಪರಂಪರೆಯ ವಿದ್ಯಾಸಂಸ್ಥೆಗಳಲ್ಲಿಯೂ ಅಕ್ಷರದೊಡನೆ ಆಟದ ಬಯಲಿಗೆ ಸ್ಥಾನ ದೊರೆತದ್ದು ಸಹಜವೇ ಆಗಿದೆ.

ಆದರೆ ಗರಡಿಗೂ ಇಂದಿನ ಸ್ಪರ್ಧಾತ್ಮಕ ಜಿಮ್ನಾಸ್ಟಿಕ್ಸ್‌ಗೂ ಒಂದು ಮೂಲಭೂತ ವ್ಯತ್ಯಾಸವುಂಟು. ಗರಡಿಗೆ ಬರುತ್ತಿದ್ದವನು ಸಾಮಾನ್ಯವಾಗಿ ಮೀಸೆ ಚಿಗುರುತ್ತಿದ್ದ ಹುಡುಗ; ಬಂದದ್ದೂ ತನ್ನ ಇಚ್ಛೆಯಿಂದಲೇ. ಜಿಮ್ನಾಸ್ಟಿಕ್ಸ್‌ಗೆ ಬರುವ ಮಗುವಿಗೆ ಐದೋ ಆರೋ ಏಳೋ ವರ್ಷ. ಹೆಣ್ಣುಮಕ್ಕಳ ಸ್ಪರ್ಧೆಯಲ್ಲಿ ವಾಲ್ಟ್, ಏರುಪೇರು ಸರಳುಗಳು, ಸಮತೋಲನದ ತೊಲೆ, ನೆಲವ್ಯಾಯಾಮ ಎಂಬ ನಾಲ್ಕು ವಿಭಾಗಗಳಿವೆ. ತೊಲೆಯ ಅಗಲ ಕೇವಲ 10 ಸೆಂಟಿಮೀಟರ್, ಉದ್ದ 5 ಮೀಟರ್, ನೆಲದಿಂದ ಎತ್ತರ 1.25 ಮೀಟರ್. ಅಷ್ಟು ಕಿರಿದಾದ ಮರದ ಮೇಲೆ ಲಾಗ ಹಾಕಿ ಮತ್ತೆ ಅದೇ ಮರದ ಮೇಲೆ ನಿಲ್ಲುವ ವಿದ್ಯೆಗೆ ಭಯವಿಲ್ಲದ ಮನಸ್ಸು, ಬಾಗುವ ಬೆನ್ನು, ದೇಹದ ತೂಕಕ್ಕೆ ಮೀರಿದ ಬಲ ಈ ಮೂರೂ ಬೇಕು. ಇವು ಎಳವೆಯಲ್ಲಿಯೇ ಕೂಡಿಬರುವುದರಿಂದ ಈ ಕ್ರೀಡೆಯು ಮಗುವನ್ನು ಬೇಗ ಕೈಗೆತ್ತಿಕೊಳ್ಳುತ್ತದೆ. ಹೀಗಾಗಿ ನಿರ್ಧಾರ ಮಾಡುವವರು ತಂದೆತಾಯಿಗಳು. ಅದರ ಭಾರವನ್ನು ಹೊರುವುದು ಮಗುವಿನ ಮೂಳೆ. ಚರ್ಚಿಸಬೇಕಾದ ಪ್ರಶ್ನೆ ಇರುವುದೇ ಇಲ್ಲಿ.

ಈ ಪ್ರಶ್ನೆಗೆ ದೂರದ ದೇಶಗಳಲ್ಲಿ ಉದಾಹರಣೆ ಹುಡುಕುವ ಮೊದಲು ಜಗನ್ಮೋಹನ ಅರಮನೆಯ ಕಡೆಗೊಮ್ಮೆ ನೋಡುವುದು ಉಚಿತ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಅಲ್ಲಿ ಯೋಗಶಾಲೆಯು ಆರಂಭವಾಗಿ 1950ರವರೆಗೆ ನಡೆಯಿತು. ತಿರುಮಲೈ ಕೃಷ್ಣಮಾಚಾರ್ಯರು ಅದರ ಆಚಾರ್ಯರು. ಅವರ ‘ಯೋಗ ಮಕರಂದ’ ಕನ್ನಡದಲ್ಲಿಯೇ ರಚಿತವಾಗಿ ಅರಮನೆಯ ಆಶ್ರಯದಲ್ಲಿ ಪ್ರಕಟವಾಯಿತು. ಅಲ್ಲಿ ಕಲಿಯುತ್ತಿದ್ದವರಲ್ಲಿ ಹೆಚ್ಚಿನವರು ಬಾಲಕರು. ಒಂದು ಆಸನದಿಂದ ಇನ್ನೊಂದಕ್ಕೆ ನೆಗೆದು ಸಾಗುವ ಆ ಪಾಠಕ್ರಮ ಇಂದಿನ ಕಣ್ಣಿಗೆ ಅರ್ಧ ಯೋಗ, ಅರ್ಧ ಜಿಮ್ನಾಸ್ಟಿಕ್ಸ್ ಎಂಬಂತೆ ತೋರಿದರೆ ಆಶ್ಚರ್ಯವಿಲ್ಲ. ಗಣ್ಯ ಅತಿಥಿಗಳ ಮುಂದೆ ಪ್ರದರ್ಶನ ನೀಡುವುದೂ ಬಾಲಕರ ಕರ್ತವ್ಯದ ಒಂದು ಭಾಗವಾಗಿತ್ತು.

ಆ ಪರಂಪರೆಯಿಂದ ಹೊರಬಂದ ಇಬ್ಬರು ಬಾಲಕರ ಕಥೆ ಪೋಷಕರಿಗೆ ಬೋಧಪ್ರದವಾಗಿದೆ. ಹಾಸನದ ಬಳಿಯ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸರು 1927ರಲ್ಲಿ, ತಮ್ಮ ಹನ್ನೆರಡನೆಯ ವಯಸ್ಸಿನಲ್ಲಿ, ಹಾಸನದ ಜ್ಯೂಬಿಲಿ ಹಾಲಿನಲ್ಲಿ ಕೃಷ್ಣಮಾಚಾರ್ಯರ ಪ್ರದರ್ಶನವನ್ನು ಕಂಡು ಮರುದಿನವೇ ಶಿಷ್ಯರಾದರು. ನಸುಕಿನಲ್ಲೆದ್ದು ಅಭ್ಯಾಸ ಮುಗಿಸಿ ಶಾಲೆಗೆ ಹೋಗುತ್ತಿದ್ದ ಆ ಬಾಲಕ ಮನೆಯವರಿಗೆ ಈ ಸಂಗತಿಯನ್ನು ತಿಳಿಸಲೇ ಇಲ್ಲ. ಇಲ್ಲಿ ಆಸೆ ಮಗುವಿನದು. ಹಿರಿಯರಿಗೆ ಅದು ಗೊತ್ತೂ ಇರಲಿಲ್ಲ.

ಇನ್ನೊಬ್ಬರು ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ನವೆದ ದೇಹವನ್ನು ಹೊತ್ತು, 1934ರಲ್ಲಿ ಮೈಸೂರಿಗೆ ತಮ್ಮ ಅಕ್ಕನ ಮನೆಗೆ ಬಂದರು. ಕೃಷ್ಣಮಾಚಾರ್ಯರು ಅವರಿಗೆ ಭಾವ. ಮೊದಲಿಗೆ ಈ ಕೃಶ ಹುಡುಗನಿಗೆ ಪಾಠವೇ ದೊರೆಯಲಿಲ್ಲ. ಮನೆಯಲ್ಲಿಯೇ ಇದ್ದು ಕಲಿಯುತ್ತಿದ್ದ ಅನಾಥ ಬಾಲಕನೊಬ್ಬ, ಗುರುವಿನ ಮೆಚ್ಚಿನ ಶಿಷ್ಯ, ಒಂದು ದೊಡ್ಡ ಪ್ರದರ್ಶನಕ್ಕೆ ಕೆಲವೇ ದಿನಗಳಿರುವಾಗ ಹೇಳದೆ ಕೇಳದೆ ಓಡಿಹೋದನು. ಆ ತೆರವಾದ ಸ್ಥಾನಕ್ಕೆ ಅಯ್ಯಂಗಾರರನ್ನು ಅವಸರದಿಂದ ಸಿದ್ಧಗೊಳಿಸಲಾಯಿತು. ಮುಂದೆ ಒಮ್ಮೆ ಅತಿಥಿಯೊಬ್ಬರ ಎದುರಿಗೆ ಹನುಮಾನಾಸನವನ್ನು ಮಾಡಬೇಕೆಂಬ ಆಜ್ಞೆಯಾಯಿತು. ಚಡ್ಡಿ ಬಿಗಿಯಾಗಿದೆಯೆಂದು ಹುಡುಗ ತಪ್ಪಿಸಿಕೊಳ್ಳಲು ನೋಡಿದರೆ, ಕತ್ತರಿ ತರಿಸಿ ಚಡ್ಡಿಯ ಪಕ್ಕಗಳನ್ನು ಕತ್ತರಿಸಲಾಯಿತು. ಆಸನವೇನೋ ಆಯಿತು, ತೊಡೆಯ ಹಿಂಭಾಗದ ಸ್ನಾಯುಗಳು ಹರಿದವು. ಬಹಳ ಕಾಲ ಸರಿಯಾಗಿ ನಡೆಯಲಾಗಲಿಲ್ಲವೆಂದು ಅವರೇ ಮುಂದೆ ಬರೆದಿದ್ದಾರೆ. ಮೆಟ್ರಿಕ್ಯುಲೇಷನ್ ಪರೀಕ್ಷೆಯೂ ಇಂಗ್ಲಿಷ್ ವಿಷಯದಲ್ಲಿ ಕೈಕೊಟ್ಟಿತು.

ಅಯ್ಯಂಗಾರರು ಜಗದ್ವಿಖ್ಯಾತರಾದರು, ಗುರುವನ್ನು ಕೊನೆಯವರೆಗೂ ಗೌರವಿಸಿದರು ಎಂಬುದು ನಿಜ. ಆದರೆ ಅದರಿಂದ ಆ ದಿನದ ಪೆಟ್ಟು ಸರಿಯೆಂದು ಸಿದ್ಧವಾಗುವುದಿಲ್ಲ. ಓಡಿಹೋದ ಬಾಲಕ ಮುಂದೆ ಏನಾದನೆಂದು ಯಾರೂ ಬರೆಯಲಿಲ್ಲ. ಗೆದ್ದವರ ಜೀವನಚರಿತ್ರೆಯನ್ನು ಮಾತ್ರ ಓದುವ ಪೋಷಕರು ನೆನಪಿಡಬೇಕಾದ ಸಂಗತಿಯಿದು. ಆ ಇಬ್ಬರು ಹುಡುಗರಿಗೂ ಇದ್ದ ಒಂದು ಕೊರತೆ ಸ್ಪಷ್ಟವಾಗಿದೆ. ಗುರುವಿನ ಮುಂದೆ ನಿಂತು ‘ಸ್ವಾಮೀ, ಇವತ್ತು ಬೇಡ’ ಎಂದು ವಿನಯದಿಂದ ಹೇಳಬಲ್ಲ ತಂದೆ ಇಬ್ಬರಿಗೂ ಇರಲಿಲ್ಲ. ಇಂದಿನ ತಂದೆತಾಯಿಗಳ ಪ್ರಥಮ ಕರ್ತವ್ಯ ಶುಲ್ಕ ಕಟ್ಟುವುದಲ್ಲ, ಮಗುವಿನ ಪರವಾಗಿ ಆ ಒಂದು ಮಾತನ್ನು ಹೇಳುವ ಹಕ್ಕನ್ನು ಉಳಿಸಿಕೊಳ್ಳುವುದು.

ಜಗತ್ತು ಎಳೆಯ ಜಿಮ್ನಾಸ್ಟರ ಮೋಹಕ್ಕೆ ಬಿದ್ದದ್ದು 1976ರಲ್ಲಿ. ಆ ವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರುಮೇನಿಯಾದ ನಾಡಿಯಾ ಕೊಮನೆಚಿ ಎಂಬ ಹದಿನಾಲ್ಕರ ಬಾಲೆ ಪೂರ್ಣ ಹತ್ತು ಅಂಕ ಗಳಿಸಿದಳು. ಅಂಕಫಲಕದಲ್ಲಿ 10 ತೋರಿಸಲು ಸ್ಥಳವಿಲ್ಲದೆ 1.00 ಎಂದು ಕಾಣಿಸಿತು. ಅಂದಿನಿಂದ ಎಷ್ಟು ಚಿಕ್ಕವಳೋ ಅಷ್ಟು ಚೆನ್ನು ಎಂಬ ಭ್ರಮೆ ಬೆಳೆಯಿತು. ಅದರ ದುಷ್ಪರಿಣಾಮವನ್ನು ಕಂಡ ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ ಹೆಣ್ಣುಮಕ್ಕಳ ಹಿರಿಯರ ಸ್ಪರ್ಧೆಯ ಕನಿಷ್ಠ ವಯಸ್ಸನ್ನು 1981ರಲ್ಲಿ 15ಕ್ಕೂ 1997ರಲ್ಲಿ 16ಕ್ಕೂ ಏರಿಸಿತು. ಆ ವರ್ಷದೊಳಗೆ ಹದಿನಾರು ತುಂಬದವರಿಗೆ ಒಲಿಂಪಿಕ್ಸ್‌ನ ಬಾಗಿಲು ತೆರೆಯುವುದಿಲ್ಲ. ಆದುದರಿಂದ ಎಂಟರ ಮಗುವನ್ನು ಹತ್ತರೊಳಗೆ ‘ಚಾಂಪಿಯನ್’ ಮಾಡುವ ಆತುರಕ್ಕೆ ಕ್ರೀಡೆಯ ನಿಯಮದಲ್ಲಿಯೇ ಆಧಾರವಿಲ್ಲ.

ನಮ್ಮ ದೇಶದ ಶ್ರೇಷ್ಠ ಉದಾಹರಣೆಯೂ ಇದನ್ನೇ ತೋರುತ್ತದೆ. ಅಗರ್ತಲಾದ ದೀಪಾ ಕರ್ಮಾಕರ್ ಆರನೆಯ ವಯಸ್ಸಿಗೆ ಅಭ್ಯಾಸಕ್ಕಿಳಿದಳು. ತಂದೆ ಭಾರ ಎತ್ತುವ ಕ್ರೀಡೆಯ ತರಬೇತುದಾರರು. ಮಗುವಿನ ಪಾದಗಳು ಚಪ್ಪಟೆ. ಜಿಮ್ನಾಸ್ಟಿಕ್ಸ್‌ಗೆ ಅದು ದೊಡ್ಡ ದೋಷ. ಗುರು ವಿಶ್ವೇಶ್ವರ ನಂದಿಯವರು ಆ ಪಾದಗಳನ್ನು ತಿದ್ದುವುದಕ್ಕೇ ಬಹುಕಾಲ ವ್ಯಯಿಸಿದರು. ಕಾಮನ್‌ವೆಲ್ತ್ ಕ್ರೀಡಾಕೂಟದ ಕಂಚು ಅವಳಿಗೆ ದೊರೆತದ್ದು 2014ರಲ್ಲಿ, ಇಪ್ಪತ್ತರ ಹರೆಯದಲ್ಲಿ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅತ್ಯಂತ ಅಪಾಯಕಾರಿಯೆನಿಸಿದ ಪ್ರೊಡುನೋವಾ ವಾಲ್ಟನ್ನು ಮಾಡಿ 15.066 ಅಂಕಗಳೊಡನೆ ನಾಲ್ಕನೆಯವಳಾದಳು. ಕಂಚಿಗೆ ಕೊರತೆಯಾದದ್ದು 0.150 ಅಂಕ ಮಾತ್ರ. ಮರುವರ್ಷ ಮೊಣಕಾಲಿನ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾಯಿತು. ಏಷ್ಯನ್ ಚಾಂಪಿಯನ್‌ಷಿಪ್‌ನ ಚಿನ್ನ ಬಂದದ್ದು 2024ರಲ್ಲಿ, ತಾಷ್ಕೆಂಟಿನಲ್ಲಿ, ಮೂವತ್ತರ ವಯಸ್ಸಿಗೆ; ಅದೇ ವರ್ಷ ನಿವೃತ್ತಿ. ಅಂದರೆ ಬಿತ್ತಿದ ಹದಿನೈದು ವರ್ಷಕ್ಕೆ ಮೊದಲ ದೊಡ್ಡ ಫಸಲು. ತೆಂಗಿನ ಸಸಿಗೂ ಇಷ್ಟು ಕಾಯಬೇಕಾಗಿಲ್ಲ. ರಿಯೋದ ಅದೇ ಅಂತಿಮ ಸುತ್ತಿನಲ್ಲಿ ದೀಪಾಳೊಡನೆ ಸ್ಪರ್ಧಿಸಿದ ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾಗೆ ಆಗ 41 ವರ್ಷ ವಯಸ್ಸಾಗಿತ್ತು!

ಎಳೆಯ ದೇಹಕ್ಕೆ ಆಗುವ ಹಾನಿಯ ಸ್ವರೂಪವನ್ನು ಪೋಷಕರು ತಿಳಿದಿರಬೇಕು. ಬೆಳೆಯುವ ಮೂಳೆಯ ತುದಿಗಳಲ್ಲಿ ಮೃದ್ವಸ್ಥಿಯ ಪದರವಿದ್ದು, ಉದ್ದವು ಹೆಚ್ಚುವುದು ಅಲ್ಲಿಂದಲೇ. ಅದು ಗಟ್ಟಿ ಮೂಳೆಗಿಂತ ದುರ್ಬಲ. ಜಿಮ್ನಾಸ್ಟಿಕ್ಸ್‌ನಲ್ಲಿ ಕೈಗಳೇ ಕಾಲುಗಳಾಗಿ ದೇಹದ ಭಾರವನ್ನು ಮತ್ತೆಮತ್ತೆ ಹೊರುವುದರಿಂದ ಮಣಿಕಟ್ಟಿನ ಆ ಪದರಕ್ಕೆ ಪೆಟ್ಟು ಬೀಳುತ್ತದೆ. ಬೆನ್ನನ್ನು ಹಿಂದಕ್ಕೆ ಅತಿಯಾಗಿ ಬಾಗಿಸುವ ಮಕ್ಕಳಲ್ಲಿ ಸೊಂಟದ ಕಶೇರುಕಗಳ ಹಿಂಭಾಗದಲ್ಲಿ ಸೂಕ್ಷ್ಮ ಬಿರುಕುಂಟಾಗುವುದುಂಟು. ಇವು ಬಿದ್ದು ಮುರಿದ ಕೈಯಂತೆ ಒಮ್ಮೆಲೇ ಗೋಚರಿಸುವುದಿಲ್ಲ. ‘ಸ್ವಲ್ಪ ನೋವು’ ಎಂದು ಮಗು ಎರಡು ವಾರ ಒಂದೇ ಜಾಗವನ್ನು ತೋರಿಸಿದರೆ ಎಣ್ಣೆ ನೀವಿ ಸುಮ್ಮನಾಗದೆ ಮೂಳೆತಜ್ಞರಿಗೆ ತೋರಿಸುವುದು ಅಗತ್ಯ. ವಾರಕ್ಕೆ ಒಂದೆರಡು ದಿನ ಪೂರ್ಣ ವಿರಾಮ, ವರ್ಷದಲ್ಲಿ ಎರಡು ಮೂರು ತಿಂಗಳು ಆ ಕ್ರೀಡೆಯಿಂದ ಬಿಡುವು ಬೇಕೆಂದು ಮಕ್ಕಳ ವೈದ್ಯರು ಸಲಹೆ ನೀಡುತ್ತಾರೆ. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರಬಾರದೆಂಬುದು ಅವರು ಬಳಸುವ ಒಂದು ಸರಳ ಲೆಕ್ಕ. ಎಂಟು ವರ್ಷದ ಮಗುವಿಗೆ ವಾರಕ್ಕೆ ಇಪ್ಪತ್ತು ಗಂಟೆ ಕೇಳುವ ತರಬೇತುದಾರರನ್ನು ಈ ಲೆಕ್ಕದಿಂದ ಪ್ರಶ್ನಿಸಬಹುದು.

ಆಹಾರದ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಹಗುರವಾದ ದೇಹ ಸುಲಭವಾಗಿ ತಿರುಗುತ್ತದೆಂಬ ಕಾರಣಕ್ಕೆ ಕೆಲವೆಡೆ ಮಕ್ಕಳ ಊಟಕ್ಕೆ ಕಡಿವಾಣ ಬೀಳುತ್ತದೆ. ವ್ಯಯಕ್ಕೆ ತಕ್ಕ ಆಹಾರವಿಲ್ಲದಿದ್ದರೆ ಬೆಳವಣಿಗೆ ಕುಂಠಿತವಾಗಿ, ಹೆಣ್ಣುಮಕ್ಕಳು ಋತುಮತಿಯರಾಗುವುದು ತಡವಾಗಿ, ಮೂಳೆಗಳು ಸಡಿಲವಾಗುತ್ತವೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ ಇದನ್ನು ಗುರುತಿಸಿ ಎಚ್ಚರಿಸಿತು. ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು, ಹಾಲು, ಮೊಸರುಗಳಿರುವ ನಮ್ಮ ಸೀಮೆಯ ಊಟದಲ್ಲಿ ಮೂಳೆಗೆ ಬೇಕಾದ ಸುಣ್ಣದಂಶ ಸಾಕಷ್ಟಿದೆ. ಮಗು ಹೊಟ್ಟೆ ತುಂಬ ಉಣ್ಣಬೇಕು, ಅಷ್ಟೆ. ಎಲ್ಲರೆದುರು ಮಗುವನ್ನು ತೂಗಿ ಹಂಗಿಸುವ ತರಬೇತಿ ಶಿಬಿರದಿಂದ ಅದನ್ನು ಬಿಡಿಸಿಕೊಂಡು ಬರಲು ಬೇರೆ ಕಾರಣ ಬೇಕಿಲ್ಲ.

ಈ ಕ್ರೀಡೆಯಲ್ಲಿ ಗುರು ಮಗುವಿನ ದೇಹವನ್ನು ಹಿಡಿದು ಕಲಿಸಬೇಕಾಗುತ್ತದೆ. ಆದುದರಿಂದ ನಂಬಿಕೆಯೊಡನೆ ಎಚ್ಚರವೂ ಬೇಕು. ಅಮೆರಿಕದ ತಂಡದ ವೈದ್ಯನಾಗಿದ್ದವನು ಚಿಕಿತ್ಸೆಯ ನೆಪದಲ್ಲಿ ವರ್ಷಗಟ್ಟಲೆ ಬಾಲೆಯರ ಮೇಲೆ ದೌರ್ಜನ್ಯವೆಸಗಿದ್ದು ಸಾಬೀತಾಗಿ 2018ರಲ್ಲಿ ಅವನಿಗೆ ದೀರ್ಘ ಸೆರೆವಾಸ ವಿಧಿಸಲ್ಪಟ್ಟಿತು. ನೂರೈವತ್ತಕ್ಕೂ ಹೆಚ್ಚು ಮಹಿಳೆಯರು ನ್ಯಾಯಾಲಯದಲ್ಲಿ ತಮ್ಮ ನೋವನ್ನು ನುಡಿದರು. ಅವರಲ್ಲಿ ಅನೇಕರು ಹಿಂದೆ ಹೇಳಿದಾಗ ದೊಡ್ಡವರು ನಂಬಿರಲಿಲ್ಲ. ನಮ್ಮಲ್ಲಿ 2012ರ ಪೋಕ್ಸೋ ಕಾಯಿದೆ, 1098 ಮಕ್ಕಳ ಸಹಾಯವಾಣಿ ಇವೆ. ಆದರೆ ಕಾಯಿದೆಗಿಂತ ಮುಂಚೆ ಬರುವುದು ಮನೆಯ ವಾತಾವರಣ. ಅಭ್ಯಾಸದ ವೇಳೆಯಲ್ಲಿ ಪೋಷಕರು ಕುಳಿತು ನೋಡುವುದನ್ನು ನಿಷೇಧಿಸುವ ತರಬೇತಿ ಕೇಂದ್ರಕ್ಕೆ, ಅದರ ಗೋಡೆಯ ಮೇಲೆ ಎಷ್ಟೇ ಪದಕಗಳು ತೂಗಾಡುತ್ತಿರಲಿ, ಮಗುವನ್ನು ಸೇರಿಸತಕ್ಕದ್ದಲ್ಲ.

ಮಗು ಬಿಡಬೇಕೆಂದಾಗ ಏನು ಮಾಡುವುದು? ತಂದೆತಾಯಿಗಳಿಗೆ ಅತಿ ಕಠಿಣವಾದ ಗಳಿಗೆ ಇದು. ನಸುಕಿನಲ್ಲಿ ಎದ್ದು ಸ್ಕೂಟರಿನಲ್ಲಿ ಕರೆದೊಯ್ದ ವರ್ಷಗಳು, ಖರ್ಚಾದ ಹಣ, ನೆಂಟರಿಷ್ಟರ ಮುಂದೆ ಆಡಿದ ಮಾತು, ಎಲ್ಲವೂ ಅಡ್ಡ ನಿಲ್ಲುತ್ತವೆ. ಸೋತ ದಿನದ ಸಂಜೆ ಮಗು ‘ಇನ್ನು ಹೋಗುವುದಿಲ್ಲ’ ಎಂದರೆ ಅದು ಬೇಸರವಿರಬಹುದು. ಆರಾಮವಾಗಿರುವ ದಿನಗಳಲ್ಲಿಯೂ ಅದೇ ಮಾತು ತಿಂಗಳುಗಟ್ಟಲೆ ಮರಳಿದರೆ ಕೇಳಬೇಕು. ಅಲ್ಲಿಯವರೆಗೆ ಕಲಿತದ್ದು ವ್ಯರ್ಥವೂ ಅಲ್ಲ. ಲಾಗ ಹಾಕಬಲ್ಲ ದೇಹಕ್ಕೆ ಭರತನಾಟ್ಯ, ಈಜು, ಮಲ್ಲಕಂಬ ಎಲ್ಲವೂ ಸುಲಭ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿಯೇ ಮಲ್ಲರು ಕಂಬದ ಮೇಲೆ ಮಾಡುವ ಶ್ರಮದ ಉಲ್ಲೇಖವಿದೆ, ಕಂಬವೊಂದಿದ್ದರೆ ಹಳ್ಳಿಯ ಶಾಲೆಯಲ್ಲಿಯೂ ನಡೆಯುವ ಸಾಧನೆಯದು. ಯೋಗಾಸನಕ್ಕೆ ಕೇಂದ್ರ ಸರಕಾರ 2020ರ ಡಿಸೆಂಬರಿನಲ್ಲಿ ಸ್ಪರ್ಧಾತ್ಮಕ ಕ್ರೀಡೆಯ ಮಾನ್ಯತೆ ನೀಡಿರುವುದರಿಂದ ಆ ದಾರಿಯೂ ತೆರೆದಿದೆ. ಮೈಸೂರಿನ ಮಕ್ಕಳಿಗೆ ಅದು ಮನೆಯಂಗಳದ ವಿದ್ಯೆ.

ಶಾಲೆಯ ಪಾತ್ರವೂ ಅಲ್ಪವಲ್ಲ. ಮಗುವಿನ ಪ್ರತಿಭೆಯನ್ನು ಮೊದಲು ಕಾಣುವವರು ಹಲವು ವೇಳೆ ವ್ಯಾಯಾಮ ಶಿಕ್ಷಕರೇ. ಸ್ಪರ್ಧೆಗೆ ಹೋದ ದಿನಗಳ ಪಾಠವನ್ನು ಮರಳಿ ಹೇಳಿಕೊಡುವ ವ್ಯವಸ್ಥೆಯಿದ್ದರೆ ಓದೋ ಆಟವೋ ಎಂಬ ಇಕ್ಕಟ್ಟು ಎಸ್.ಎಸ್.ಎಲ್.ಸಿ.ವರೆಗಾದರೂ ಮುಂದೂಡಲ್ಪಡುತ್ತದೆ. ಮಠಗಳ ಉಚಿತ ವಿದ್ಯಾರ್ಥಿನಿಲಯಗಳಲ್ಲಿ ತಂದೆತಾಯಿಗಳಿಂದ ದೂರವಿರುವ ಮಕ್ಕಳಿಗೆ ನಿಲಯಪಾಲಕರೇ ತಂದೆಯ ಸ್ಥಾನದಲ್ಲಿದ್ದು ‘ಇವತ್ತು ಬೇಡ’ ಎನ್ನಬೇಕಾಗುತ್ತದೆ. ದಾನಿಗಳು ಪಾರಿತೋಷಕದ ಬೆಳ್ಳಿಬಟ್ಟಲಿಗೆ ಕೊಡುವ ಹಣದಲ್ಲಿ ಬೀಳುವ ಮಕ್ಕಳನ್ನು ತಡೆಯುವ ದಪ್ಪ ಮೆತ್ತೆಗಳನ್ನು ಕೊಡಿಸಿದರೆ ಹೆಚ್ಚು ಉಪಕಾರವಾದೀತು. ಕಾಸೂ ಖರ್ಚಿಲ್ಲದ ಇನ್ನೊಂದು ಕೆಲಸವುಂಟು. ಮೂರು ತಿಂಗಳಿಗೊಮ್ಮೆ ಪ್ರತಿ ಮಗುವಿನ ಎತ್ತರವನ್ನು ಗೋಡೆಗೆ ನಿಲ್ಲಿಸಿ ಅಳೆದು, ತಾರೀಖಿನೊಡನೆ ಪುಸ್ತಕದಲ್ಲಿ ಬರೆದಿಡುವುದು. ಎತ್ತರವು ಒಮ್ಮೆಲೇ ಏರತೊಡಗುವ ಹನ್ನೊಂದು, ಹನ್ನೆರಡು, ಹದಿಮೂರರ ವಯಸ್ಸಿನಲ್ಲಿಯೇ ಮೂಳೆಯ ಪೆಟ್ಟುಗಳು ಹೆಚ್ಚು. ಪುಸ್ತಕದಲ್ಲಿ ಏರಿಕೆ ಕಂಡ ತಿಂಗಳು ಲಾಗಗಳ ಸಂಖ್ಯೆಯನ್ನು ಇಳಿಸುವಂತೆ ತರಬೇತುದಾರರಿಗೆ ಶಾಲೆಯಿಂದಲೇ ಚೀಟಿ ಹೋಗಬೇಕು.