ಇಬ್ಬರು ಆಗ್ನೆಸರ ಮಠ

ಅಕ್ಕಂದಿರೇ, ತೊಟ್ಟಿಮನೆ ನೋಡಿದ್ದೀರಲ್ಲ? ನಡುವೆ ತೆರೆದ ಅಂಗಳ. ಸುತ್ತ ಕಂಬಗಳ ಮೊಗಸಾಲೆ. ಫ್ರಾನ್ಸ್ ದೇಶದ ಕೋಲ್ಮಾರ್ ಊರಿನಲ್ಲಿ ಅಂಥದೇ ಒಂದು ಮಠವಿದೆ. ಆದರೆ ಅದು ಕಲ್ಲಿನದು, ಬಲು ದೊಡ್ಡದು. ಹೆಸರು ಉಂಟರ್‌ಲಿಂಡನ್. ಲಿಂಡನ್ ಮರಗಳ ಕೆಳಗೆ ಅಂತ ಅರ್ಥ.

ಸುಮಾರು 800 ವರ್ಷದ ಹಿಂದೆ ಇಬ್ಬರು ವಿಧವೆಯರು ಇದನ್ನು ಆರಂಭಿಸಿದರು. ಇಬ್ಬರ ಹೆಸರೂ ಆಗ್ನೆಸ್! ಮುಂದೆ ಮಠ ಕ್ರೈಸ್ತರ ಡೊಮಿನಿಕನ್ ಪಂಗಡಕ್ಕೆ ಸೇರಿತು. ಇಲ್ಲಿನ ಸನ್ಯಾಸಿನಿಯರು ಪ್ರಾರ್ಥನೆ ಮಾಡುತ್ತಿದ್ದರು, ಓದುತ್ತಿದ್ದರು. ಆ ಕಾಲದಲ್ಲಿ ಓದು ಬಲ್ಲ ಹೆಂಗಸರು ಎಷ್ಟು ಮಂದಿ? ಬಹಳ ಕಡಿಮೆ. ಕ್ಯಾಥರೀನ್ ಎಂಬ ಸನ್ಯಾಸಿನಿ ಮಠದ ಹೆಂಗಸರ ಬದುಕನ್ನೇ ಪುಸ್ತಕವಾಗಿ ಬರೆದರು. ಬರೆದಿಟ್ಟರು ನೋಡಿ, ಅದಕ್ಕೇ ಆ ಹೆಂಗಸರ ಹೆಸರು ಇಂದಿಗೂ ಗೊತ್ತು.

1789ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. ಹೊಸ ಸರ್ಕಾರ ಮಠಗಳನ್ನು ಮುಚ್ಚಿಸಿತು. ಸನ್ಯಾಸಿನಿಯರು ಹೊರಟುಹೋಗಬೇಕಾಯಿತು. ಅವರ ಜಾಗಕ್ಕೆ ಸೈನಿಕರು ಬಂದರು. ಪ್ರಾರ್ಥನೆಯ ಮನೆಯಲ್ಲಿ ಬೂಟಿನ ಸದ್ದು!

ಊರಿನ ಕೆಲವರು ಸುಮ್ಮನೆ ಕೂರಲಿಲ್ಲ. 1847ರಲ್ಲಿ ಸಂಘ ಕಟ್ಟಿದರು. ಗ್ರಂಥಪಾಲಕ ಲೂಯಿ ಯುಗೊ ಮುಂದೆ ನಿಂತರು. ಕಟ್ಟಡ ಉಳಿಸಿ ಬೀಗ ಹಾಕಲಿಲ್ಲ. ಜನ ಓಡಾಡದ ಮನೆ ಬೇಗ ಹಾಳು ಬೀಳುತ್ತೆ, ನಿಮಗೇ ಗೊತ್ತು. 1853ರಲ್ಲಿ ಅಲ್ಲೇ ವಸ್ತುಸಂಗ್ರಹಾಲಯ ತೆರೆದರು. ಹಳೆಯ ಚಿತ್ರಗಳು, ಶಿಲ್ಪಗಳು ಅಲ್ಲಿ ಸೇರಿದವು. ಆ ಸಂಘವೇ ಈಗಲೂ ಅದನ್ನು ನಡೆಸುತ್ತಿದೆ. ಟಿಕೆಟ್ ಕೊಂಡವರು ಯಾರಾದರೂ ಆ ಮೊಗಸಾಲೆಯಲ್ಲಿ ಅಡ್ಡಾಡಬಹುದು.