ಒಂದೇ ಪ್ರಶ್ನೆಪತ್ರಿಕೆ, ಬೇರೆ ಬೇರೆ ಬೀಗ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಂದ ಪಿಯುಸಿ ಮುಗಿಸಿ ಡಿಗ್ರಿಗೆ ಬರುವ ಮಕ್ಕಳಲ್ಲಿ ಎಷ್ಟೋ ಮಂದಿ ತಮ್ಮ ಮನೆತನದಲ್ಲೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ಸರ್ಕಾರಿ, ಅನುದಾನಿತ, ಖಾಸಗಿ, ಯೂನಿವರ್ಸಿಟಿ ಎಂಬ ಹೆಸರುಗಳನ್ನು ಕೇಳಿಯೇ ಅವರ ತಂದೆತಾಯಿ ಸುಸ್ತಾಗುತ್ತಾರೆ. ಇವೆಲ್ಲ ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ, ಎಲ್ಲಿ ಹೊಂದಿಕೊಂಡಿಲ್ಲ ಎಂಬುದನ್ನು ನಿಧಾನವಾಗಿ ನೋಡೋಣ.

ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಇವುಗಳ ಕಟ್ಟಡ, ಸಿಬ್ಬಂದಿ, ಸಂಬಳ ಎಲ್ಲವೂ ಸರ್ಕಾರದ್ದು. ಅನುದಾನಿತ ಕಾಲೇಜನ್ನು ನಡೆಸುವುದು ಒಂದು ಸಂಸ್ಥೆ, ಮಂಜೂರಾದ ಹುದ್ದೆಗಳ ಸಂಬಳ ಕೊಡುವುದು ಸರ್ಕಾರ. 1958ರಲ್ಲಿ ಹುಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ, ಶರಣಬಸವೇಶ್ವರ ವಿದ್ಯಾವರ್ಧಕ ಸಂಘ ಇಂಥ ಹಳೆಯ ಸಂಸ್ಥೆಗಳು. ಸರ್ಕಾರದ ಕೈ ತಲುಪದ ಕಾಲದಲ್ಲಿ ಈ ಭಾಗಕ್ಕೆ ಕಾಲೇಜು ತಂದವರು ಇಂಥವರೇ. ಅನುದಾನವೂ ಇಲ್ಲದೆ ಪೂರ್ತಿ ಫೀಯ ಮೇಲೆಯೇ ನಡೆಯುವ ಕಾಲೇಜುಗಳದು ಮೂರನೆಯ ಗುಂಪು.

ಯಾರೇ ನಡೆಸಲಿ, ಬಿಎ, ಬಿಕಾಂ, ಬಿಎಸ್ಸಿ ಕಲಿಸುವ ಇಲ್ಲಿನ ಸಾಮಾನ್ಯ ಕಾಲೇಜುಗಳೆಲ್ಲ 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳು. ಮಹಿಳಾ ಕಾಲೇಜುಗಳಿಗೆ ಮಾತ್ರ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. ಹೊಸಬರು ಮುಖ್ಯವಾಗಿ ತಿಳಿಯಬೇಕಾದದ್ದು ಇಷ್ಟು: ನೀವು ಓದುವುದು ಕಾಲೇಜಿನಲ್ಲಿ, ಪದವಿ ಕೊಡುವುದು ವಿಶ್ವವಿದ್ಯಾಲಯ. ಪಠ್ಯಕ್ರಮ ತಯಾರಿಸುವ ಅಧ್ಯಯನ ಮಂಡಳಿಯಲ್ಲಿ ಸರ್ಕಾರಿ ಕಾಲೇಜಿನ ಮೇಷ್ಟ್ರೂ ಖಾಸಗಿಯವರೂ ಒಂದೇ ಮೇಜಿಗೆ ಕೂರುತ್ತಾರೆ. ಉತ್ತರಪತ್ರಿಕೆಯ ವ್ಯಾಲ್ಯುಯೇಷನ್‌ಗೂ ಹಾಗೆಯೇ. ಜೇವರ್ಗಿಯ ಹುಡುಗಿ ಬರೆದದ್ದನ್ನು ಕಲಬುರಗಿಯ ಖಾಸಗಿ ಕಾಲೇಜಿನವರು ತಿದ್ದಬಹುದು, ಅವರ ವಿದ್ಯಾರ್ಥಿಯ ಉತ್ತರ ಆಳಂದದವರ ಕೈಗೆ ಬರಬಹುದು. ಇದನ್ನು ಯಾರೂ ‘ಸಹಕಾರ’ ಎಂದು ಕರೆಯುವುದಿಲ್ಲ, ಡ್ಯೂಟಿ ಎನ್ನುತ್ತಾರೆ. ಆದರೂ ನಮ್ಮಲ್ಲಿ ವರ್ಷವರ್ಷವೂ ತಪ್ಪದೆ ನಡೆಯುವ ಸಹಕಾರ ಇದೊಂದೇ.

ಸೀಟು ಹಂಚಿಕೆಯಲ್ಲೂ ಒಂದು ಹೊಂದಾಣಿಕೆ ಇದೆ. 1994ರಿಂದ ಕರ್ನಾಟಕದಲ್ಲಿ ವೃತ್ತಿಶಿಕ್ಷಣಕ್ಕೆ ಸಿಇಟಿ ನಡೆಯುತ್ತಿದೆ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಒಂದಷ್ಟು ಸೀಟು ಸರ್ಕಾರದ ಪಾಲು, ಉಳಿದವು ಖಾಸಗಿ ಕಾಲೇಜುಗಳದೇ ಪ್ರವೇಶ ಪರೀಕ್ಷೆಯಾದ ಕಾಮೆಡ್-ಕೆ ಮತ್ತು ಆಡಳಿತ ಮಂಡಳಿಯ ಪಾಲು. ಎಷ್ಟು ಸೀಟು, ಎಷ್ಟು ಫೀ ಎಂಬುದನ್ನು ಸರ್ಕಾರವೂ ಖಾಸಗಿಯವರೂ ಚೌಕಾಸಿ ಮಾಡಿಯೇ ಒಪ್ಪಂದಕ್ಕೆ ಬರುತ್ತಾರೆ. ನಮ್ಮ ಭಾಗದವರಿಗೆ ಇದರ ಜೊತೆಗೆ ಸಂವಿಧಾನದ 371(ಜೆ) ಉಂಟು. 2012ರ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಬೇರೆಡೆಯ ಸಂಸ್ಥೆಗಳಲ್ಲಿ ಶೇ 8 ಸೀಟು ಮೀಸಲು. ಅದಕ್ಕೆ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಬೇಕು. ಅರ್ಜಿಯನ್ನು ಸಿಇಟಿ ಹತ್ತಿರ ಬಂದಾಗ ಹಾಕಬೇಡಿ, ಪಿಯುಸಿಯಲ್ಲಿರುವಾಗಲೇ ಹಾಕಿ.

ಇನ್ನು, ಎಲ್ಲರಿಗೂ ವಿಚಿತ್ರ ಅನ್ನಿಸುವ ಸಂಗತಿ. ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿ ಕಡಗಂಚಿಯ ಬಳಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. 2009ರ ಕಾಯ್ದೆಯಿಂದ ಬಂದದ್ದು, ರಾಜ್ಯಕ್ಕೆಲ್ಲ ಇರುವ ಇಂಥ ಒಂದೇ ವಿಶ್ವವಿದ್ಯಾಲಯ, ಅದೂ ಆಳಂದ ತಾಲ್ಲೂಕಿನ ನೆಲದ ಮೇಲೆ. ಆದರೆ ಆಳಂದದ ಕಾಲೇಜು ಅದರ ಅಡಿಯಲ್ಲಿ ಬರುವುದಿಲ್ಲ. ಪ್ರವೇಶಕ್ಕೆ ದೇಶದ ಮಕ್ಕಳೆಲ್ಲ ಬರೆಯುವ ಸಿಯುಇಟಿ ಬರೆಯಬೇಕು, ರಾಜ್ಯದ 371(ಜೆ) ಸೀಟು ಅಲ್ಲಿ ನಡೆಯುವುದಿಲ್ಲ. ಕಲಬುರಗಿ ನಗರದಲ್ಲಿರುವ ಶರಣಬಸವ ವಿಶ್ವವಿದ್ಯಾಲಯ, ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯ ಖಾಸಗಿ, ತಮ್ಮ ಪದವಿ ತಾವೇ ಕೊಡುತ್ತವೆ. ಹೀಗೆ ಒಂದೇ ಜಿಲ್ಲೆಯಲ್ಲಿ ರಾಜ್ಯದ್ದು, ಕೇಂದ್ರದ್ದು, ಖಾಸಗಿಯವರದು ಎಂದು ಮೂರು ಬಗೆಯ ವಿಶ್ವವಿದ್ಯಾಲಯ. ಇಷ್ಟು ಹತ್ತಿರ ಇದ್ದೂ ತಾಲ್ಲೂಕಿನ ಡಿಗ್ರಿ ವಿದ್ಯಾರ್ಥಿ ಇವುಗಳ ಲ್ಯಾಬಿನಲ್ಲಿ ಒಂದು ವಾರ ಕಲಿತು ಬರುವ ಏರ್ಪಾಡು ರೂಢಿಯಾಗಿಲ್ಲ. ನನ್ನ ತಕರಾರು ಇದೇ.

ಕಾರಣ ಬರೀ ಸೋಮಾರಿತನ ಅಲ್ಲ. ಕಾಲೇಜಿಗೆ ಸಂಯೋಜನೆ ಕೊಡುವ ಮುಂಚೆ ವಿಶ್ವವಿದ್ಯಾಲಯದ ಸ್ಥಳೀಯ ವಿಚಾರಣಾ ಸಮಿತಿ ಬಂದು ಕಟ್ಟಡ, ಗ್ರಂಥಾಲಯ, ಲ್ಯಾಬು, ಸಿಬ್ಬಂದಿ ನೋಡುತ್ತದೆ. ಎಲ್ಲವೂ ನಮ್ಮಲ್ಲೇ ಇದೆ ಎಂದು ತೋರಿಸಿದವರಿಗೆ ಸಲೀಸು. ಪಕ್ಕದವರ ಲ್ಯಾಬು ಬಳಸುತ್ತೇವೆ ಎಂದರೆ ಅದು ಕೊರತೆಯಂತೆ ಕಾಣುತ್ತದೆ. ಹಾಗಾಗಿ ಪ್ರತಿಯೊಬ್ಬರೂ ತಮ್ಮದೇ ಚಿಕ್ಕ ಲ್ಯಾಬಿಗೆ ತಮ್ಮದೇ ಬೀಗ ಹಾಕಿಕೊಂಡು ಕೂರುತ್ತಾರೆ. ಅರ್ಧ ಪಾಠ ಅತಿಥಿ ಉಪನ್ಯಾಸಕರ ಮೇಲೆ ನಿಂತ ಕಾಲೇಜಿನಲ್ಲಿ ಪಕ್ಕದ ಊರಿನವರೊಂದಿಗೆ ಮಾತುಕತೆ ನಡೆಸಲು ಯಾರಿಗೆ ಪುರುಸೊತ್ತು? ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿ.ಮೀ. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಬಸ್ಸು ಉಚಿತ, ಹುಡುಗರಿಗೆ ಪಾಸು ಬೇಕು. ದೂರಕ್ಕಿಂತ ಟೈಮ್‌ಟೇಬಲ್ಲೇ ದೊಡ್ಡ ಅಡ್ಡಿ.

ಪುಸ್ತಕದ ವಿಷಯದಲ್ಲಿ ದಾರಿ ಸ್ವಲ್ಪ ತೆರೆದಿದೆ. ಯುಜಿಸಿಯ ಇನ್‌ಫ್ಲಿಬ್‌ನೆಟ್ ನಡೆಸುವ ಎನ್-ಲಿಸ್ಟ್ ಮೂಲಕ ಸರ್ಕಾರಿ, ಅನುದಾನಿತ ಕಾಲೇಜುಗಳು ಸಣ್ಣ ವಾರ್ಷಿಕ ಶುಲ್ಕಕ್ಕೆ ಸಾವಿರಾರು ಸಂಶೋಧನಾ ಪತ್ರಿಕೆಗಳನ್ನು, ಲಕ್ಷಾಂತರ ಇ-ಪುಸ್ತಕಗಳನ್ನು ಪಡೆಯಬಹುದು. 2025ರಲ್ಲಿ ಆರಂಭವಾದ , ಇಂಥ ಪತ್ರಿಕೆಗಳನ್ನೇ ಕೊಡುವ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಕೇಂದ್ರ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದೆ. ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಪಕ್ಕದ ಖಾಸಗಿ ಕಾಲೇಜಿನ ಹುಡುಗ ಹೊರಗೆ ಉಳಿಯುತ್ತಾನೆ, ಬರೆಯುವುದು ಮಾತ್ರ ಅದೇ ಪ್ರಶ್ನೆಪತ್ರಿಕೆ.

ಇನ್ನೊಂದು ದಾರಿ ಕ್ರೆಡಿಟ್ ಬ್ಯಾಂಕು. 2021ರ ಯುಜಿಸಿ ನಿಯಮದಂತೆ ಕೋರ್ಸು ಮುಗಿಸಿ ನೀವು ಗಳಿಸಿದ ಕ್ರೆಡಿಟ್‌ಗಳು ನಿಮ್ಮ ಖಾತೆಯಲ್ಲಿ ಕೂಡಿರುತ್ತವೆ. ‘ಸ್ವಯಂ’ ಎಂಬ ಸರ್ಕಾರಿ ಆನ್‌ಲೈನ್ ತಾಣದ ಕೋರ್ಸಿನ ಕ್ರೆಡಿಟ್ಟನ್ನೂ ನಿಮ್ಮ ವಿಶ್ವವಿದ್ಯಾಲಯ ಒಪ್ಪಿದರೆ ಅಲ್ಲೇ ಸೇರಿಸಬಹುದು. ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಡಿಗ್ರಿಗೆ ಹೋಗಿ 2024ರಲ್ಲಿ ಮೂರಕ್ಕೇ ಮರಳಿತು. ಆ ಗಡಿಬಿಡಿಯಲ್ಲಿ ಕ್ರೆಡಿಟ್ ವಿಷಯವನ್ನು ತರಗತಿಯಲ್ಲಿ ವಿವರಿಸುವುದು ಎಷ್ಟೋ ಕಡೆ ಬಿಟ್ಟೇ ಹೋಯಿತು.

ಅದಕ್ಕೇ ಪ್ರವೇಶದ ದಿನ ಪ್ರಾಂಶುಪಾಲರನ್ನು ಮುಜುಗರವಿಲ್ಲದೆ ಕೇಳಿ, ನಮಗೆ ಎನ್-ಲಿಸ್ಟ್ ಲಾಗಿನ್ ಸಿಗುತ್ತದಾ ಸರ್, ಸ್ವಯಂ ಕೋರ್ಸಿನ ಕ್ರೆಡಿಟ್ ಇಲ್ಲಿ ನಡೀತದಾ ಎಂದು. ಗೊತ್ತಿಲ್ಲ ಎಂದರೆ ಗ್ರಂಥಪಾಲಕರ ಹತ್ತಿರ ಹೋಗಿ, ನಾಲ್ಕು ಜನ ಸೇರಿ ಹೋಗಿ.