ಕಣ್ಣು ಬಿಡದ ಮರಿಗಳು



ಕಳೆದ ಮಳೆಗಾಲದಲ್ಲಿ ನಮ್ಮ ಬೆಕ್ಕು ಅಟ್ಟದ ಮೇಲಿನ ಹಳೆ ಬುಟ್ಟಿಯಲ್ಲಿ ಮೂರು ಮರಿ ಹಾಕಿತ್ತು. ಅದೇ ವಾರ ಕೊಟ್ಟಿಗೆಯಲ್ಲಿ ದನವೂ ಕರು ಹಾಕಿತು. ಕರು ಒಂದು ತಾಸಿನೊಳಗೆ ತಡವರಿಸುತ್ತ ಎದ್ದು ಕೆಚ್ಚಲಿಗೆ ಬಾಯಿ ಹಾಕಿತು. ಬೆಕ್ಕಿನ ಮರಿಗಳದ್ದೋ, ಕಣ್ಣೂ ಮುಚ್ಚಿತ್ತು, ಕಿವಿಯೂ ಮುಚ್ಚಿತ್ತು.

ನಾನೊಂದು ತಪ್ಪು ಮಾಡಿದೆ. ತಮ್ಮನಿಗೆ ತೋರಿಸಬೇಕು ಅಂತ ಒಂದು ಮರಿಯನ್ನು ಕೆಳಗೆ ತಂದು ಸಿಮೆಂಟ್ ನೆಲದ ಮೇಲೆ ಬಿಟ್ಟು, ಆಟದಲ್ಲಿ ಮರೆತೇಬಿಟ್ಟೆ. ಆಯಿ ನೋಡುವಾಗ ಅದು ತಣ್ಣಗಾಗಿತ್ತು. ಬಟ್ಟೆ ಸುತ್ತಿ ಒಲೆ ಹತ್ತಿರ ಇಟ್ಟರೂ ಉಳಿಯಲಿಲ್ಲ.

ಶಾಲೆಯಲ್ಲಿ ಅಕ್ಕೋರನ್ನು ಕೇಳಿದೆ. ಎಳೆಮರಿಗೆ ತನ್ನ ಮೈ ಬಿಸಿ ತಾನೇ ಕಾಯ್ದುಕೊಳ್ಳಲು ಬರುವುದಿಲ್ಲವಂತೆ. ತಾಯಿಯ ಮೈಶಾಖ ಬೇಕೇಬೇಕು. ದನ ಒಂಬತ್ತು ತಿಂಗಳು ಹೊರುತ್ತದೆ, ಬೆಕ್ಕು ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚು, ಇಲಿ ಮೂರೇ ವಾರ. ಹೊಟ್ಟೆಯಲ್ಲಿ ಬೆಳೆಯದೆ ಉಳಿದದ್ದು ಗೂಡಿನಲ್ಲಿ ಬೆಳೆಯುತ್ತದೆ. ಬಯಲಲ್ಲಿ ಹುಟ್ಟುವ ಕರು ಓಡಬೇಕು, ಅಡಗಿಸಿಟ್ಟ ಮರಿ ಓಡಬೇಕಾಗಿಲ್ಲ. ಒಂದು ತಮಾಷೆ ನೋಡಿ: ಸಾಕುವ ಬಿಳಿ ಮೊಲದ ಮರಿಗೆ ಹುಟ್ಟುವಾಗ ಕೂದಲೂ ಇಲ್ಲ, ಕಣ್ಣೂ ತೆರೆದಿಲ್ಲ. ನಮ್ಮ ಕಾಡುಮೊಲದ ಮರಿ ಕೂದಲು ಹೊತ್ತು, ಕಣ್ಣು ಬಿಟ್ಟೇ ಹುಟ್ಟುತ್ತದೆ!

ಹಕ್ಕಿಗಳಲ್ಲೂ ಹೀಗೇ. ಕೋಳಿಮರಿ ಹುಟ್ಟಿದ ದಿನವೇ ಕಾಳು ಕುಕ್ಕುತ್ತದೆ. ಕಾಗೆಮರಿ ಬಾಯಿ ತೆರೆದು ಕೂರುತ್ತದೆ, ಅಷ್ಟೆ. ನಮ್ಮ ಕಾಳಿ ಕಣಿವೆಯ ಮಂಗಟ್ಟೆ ಹಕ್ಕಿಯದ್ದು ಎಲ್ಲಕ್ಕಿಂತ ವಿಚಿತ್ರ. ಹೆಣ್ಣು ದೊಡ್ಡ ಮರದ ಪೊಟರೆ ಹೊಕ್ಕು, ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಬಾಯಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟೇ ಸೀಳು. ಗಂಡು ಅತ್ತಿ, ಆಲದ ಹಣ್ಣು ತಂದು ಆ ಸೀಳಿನಲ್ಲೇ ಕೊಡಬೇಕು. ದೊಡ್ಡ ಮಂಗಟ್ಟೆ ಮೊಟ್ಟೆಗೆ ಕಾವು ಕೊಡುವುದೇ ಸುಮಾರು 40 ದಿನ. ಆಮೇಲೆ ಮೈ ಬರಿದಾದ ಕುರುಡು ಮರಿ. ಒಳಗಿರುವಾಗ ಹೆಣ್ಣಿನ ರೆಕ್ಕೆಗರಿಯೂ ಉದುರುತ್ತದೆ. ಆಗ ಗಂಡನ್ನು ಯಾರಾದರೂ ಹೊಡೆದರೆ ಒಳಗಿನವರಿಗೆ ಅನ್ನ ತರುವವರೇ ಇಲ್ಲ. ಪೊಟರೆ ಇರುವುದು ಹಳೇ ದೊಡ್ಡ ಮರಗಳಲ್ಲಿ. ನಮ್ಮ ಕದ್ರಾ ಅಣೆಕಟ್ಟೆಯ ಹಿನ್ನೀರಲ್ಲಿ ಅಂಥ ಮರ ಎಷ್ಟು ಮುಳುಗಿದವೋ. ದಾಂಡೇಲಿ ಕಡೆ ಈ ಹಕ್ಕಿಗಾಗಿಯೇ 2011ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ.

ನಮ್ಮ ಬೆಕ್ಕು ಆ ರಾತ್ರಿಯೇ ಉಳಿದ ಎರಡು ಮರಿಗಳನ್ನು ಕಚ್ಚಿಕೊಂಡು ಹೋಗಿ ಕಟ್ಟಿಗೆ ರಾಶಿಯ ಹಿಂದೆ ಇಟ್ಟಿತು. ನಾನು ಹತ್ತಿರ ಹೋಗಲಿಲ್ಲ. ಒಂಬತ್ತನೇ ದಿನ ಆಯಿ ಕರೆದು ದೂರದಿಂದ ತೋರಿಸಿದಳು. ಎರಡೂ ಕಣ್ಣು ಬಿಟ್ಟಿದ್ದವು. ನೀಲಿ ಕಣ್ಣು.

– 7ನೇ ತರಗತಿಯ ವಿದ್ಯಾರ್ಥಿನಿ